ಮೂರನೆಯ ಕುರ್ಚಿಗೊಂದು ಕಾರ್ಡ್

ಮುನ್ನೂರು ಯೂರೋ ದಾಟುವುದಿಲ್ಲ ಎಂದು ವೆಸಾ ಮನೆಯಲ್ಲಿ ಮಾತು ಕೊಟ್ಟಿದ್ದ. ಹೆಂಡತಿ ಮೆರ್ವಿ ಒಪ್ಪಿಕೊಂಡಳು. ಒಪ್ಪುವಾಗ ಕಿಟಕಿಯಾಚೆ ನಿಂತಿದ್ದ ಕಾರಿನ ಸವೆದ ಟೈರುಗಳ ಕಡೆ ಒಂದು ಸಲ ನೋಡಿದಳು, ಅಷ್ಟೆ. ಆದರೆ ಆ ದುಡ್ಡಿಗೆ ಸಿಗುವ, ಆಟದ ಚಿತ್ರವನ್ನು ಪರದೆಗೆ ಕೊಡುವ ಒಂದು ಗ್ರಾಫಿಕ್ಸ್ ಕಾರ್ಡ್ ಆರಿಸುವುದು ಇಷ್ಟು ತಲೆನೋವಿನ ಕೆಲಸವೆಂದು ಮೊದಲೇ ಗೊತ್ತಿದ್ದರೆ ವೆಸಾ ಕಂಪ್ಯೂಟರ್ ಆಟವನ್ನೇ ಬಿಟ್ಟು ಗಾಳ ಹಿಡಿದು ಹೊಳೆ ದಂಡೆಗೆ ಹೋಗುತ್ತಿದ್ದನೋ ಏನೋ.

ಮೊದಲ ದಿನ ಸೆಯ್ನಾಯೊಕಿ ಪೇಟೆಯ ಅಂಗಡಿಗೆ ಹೋದ.

"ಈ ಕಾರ್ಡ್ ಪರವಾಗಿಲ್ಲ," ಎಂದ ಅಂಗಡಿಯವನು, ಮೂಗು ಮುರಿದುಕೊಂಡೇ. "ಆದ್ರೆ ಇನ್ನೊಂದು ನಲವತ್ತು ಹಾಕಿದ್ರೆ ಇದರ ಅಣ್ಣಾನೇ ಸಿಗ್ತಾನೆ."

"ಅಣ್ಣ ಚೆನ್ನಾಗಿದಾನಾ?"

"ಚೆನ್ನಾಗಿದಾನೆ. ಮೆಮೊರಿ ಸ್ವಲ್ಪ ಕಮ್ಮಿ. ಹೊಸ ಆಟಗಳಿಗೆ ಸಾಲಲ್ಲ. ಅದಕ್ಕೇ ಇನ್ನೊಂದೆಂಬತ್ತು ಸೇರಿಸಿ ಇವನನ್ನ ತಗೊಂಡ್ರೆ..."

"ಇವನಿಗೇನು ರೋಗ?"

"ಏನೂ ಇಲ್ಲ. ಕರೆಂಟ್ ಜಾಸ್ತಿ ಕುಡೀತಾನೆ. ನಿಮ್ಮ ಹಳೇ ಪವರ್ ಸಪ್ಲೈ ತಡೆಯಲ್ಲ. ಅದನ್ನೂ ಬದಲಾಯಿಸ್ಬೇಕು."

ಹೀಗೆ ಅಣ್ಣನಿಂದ ಅಣ್ಣನಿಗೆ ಏರುತ್ತಾ ಏರುತ್ತಾ ಇಬ್ಬರೂ ಒಂದು ಹಳೆಯ ಕಾರಿನ ಬೆಲೆಯ ಕಾರ್ಡಿನ ಮುಂದೆ ಬಂದು ನಿಂತಿದ್ದರು. ವೆಸಾ ಟೋಪಿ ಹಾಕಿಕೊಂಡು ಮನೆಗೆ ಹೊರಟ.

ಇಂಟರ್ನೆಟ್ಟಿನಲ್ಲಿ ಕೇಳಿ ನೋಡಿದ. ಒಬ್ಬ ಇದನ್ನು ಕೊಳ್ಳು ಎಂದರೆ ಅವನ ಬೆನ್ನಿಗೇ ಆರು ಜನ ಬಂದು ಅವನನ್ನು ಕತ್ತೆ ಎಂದು ಬೈದರು. ಇನ್ನೊಬ್ಬ, ಜನವರಿವರೆಗೆ ಕಾಯು, ಹೊಸದು ಬರುತ್ತದೆ ಎಂದ. ವೆಸಾನಿಗೆ ಬೇಕಿದ್ದದ್ದು ನವೆಂಬರಿಗೆ. ಸೆಕೆಂಡ್ ಹ್ಯಾಂಡ್ ನೋಡೋಣವೆಂದು ಒಂದು ಪೆಟ್ರೋಲ್ ಬಂಕಿನ ಅಂಗಳಕ್ಕೆ ಹೋದರೆ, ಮಾರುವವನು ಕಾರಿನಿಂದ ಇಳಿಯದೆ ಕಿಟಕಿಯಿಂದಲೇ ಕಾರ್ಡ್ ಚಾಚಿದ.

"ತುಂಬಾ ಓಡಿಸಿದೀರಾ?"

"ಇಲ್ಲ."

ಮೂಸಿದರೆ ಸೀದ ಧೂಳಿನ ವಾಸನೆ. ಬಿಟ್‌ಕಾಯಿನ್‌ನಂಥ ಕಂಪ್ಯೂಟರ್ ದುಡ್ಡು ಗಳಿಸಲೆಂದು ಯಾರೋ ಅದನ್ನು ಹಗಲೂ ರಾತ್ರಿ ಗಾಣದೆತ್ತಿನ ಹಾಗೆ ದುಡಿಸಿದ್ದರು. ವೆಸಾ ಅದನ್ನು ಕಿಟಕಿಯೊಳಕ್ಕೆ ವಾಪಸ್ ಕೊಟ್ಟ. ಆತ ಗಾಜು ಏರಿಸಿಕೊಂಡು ಹೊರಟುಹೋದ.

ಇಷ್ಟೆಲ್ಲ ಪಾಡು ಒಂದು ಕುರ್ಚಿಗಾಗಿ. ಕೊಯ್ವುಲಾ ಹಳ್ಳಿಯ ಯುವಕ ಸಂಘದ ಮರದ ಸಭಾಂಗಣದಲ್ಲಿ ಪ್ರತಿ ನವೆಂಬರಿನಲ್ಲಿ, ಊರವರೆಲ್ಲ ತೀರಿಕೊಂಡವರ ಸಮಾಧಿಗೆ ದೀಪ ಹಚ್ಚುವ ವಾರಾಂತ್ಯದಲ್ಲಿ, ನಾಲ್ವರು ಗೆಳೆಯರು ತಮ್ಮ ತಮ್ಮ ಕಂಪ್ಯೂಟರ್ ಹೊತ್ತು ತಂದು ಸೇರುತ್ತಿದ್ದರು. ಹೈಸ್ಕೂಲಿನಲ್ಲಿ ಶುರುವಾದ ಚಟ. ಈಗ ಎಲ್ಲರಿಗೂ ನಲವತ್ತು ದಾಟಿತ್ತು, ಸೊಂಟ ಹಿಡಿಯುತ್ತಿತ್ತು, ಚಟ ಮಾತ್ರ ಬಿಟ್ಟಿರಲಿಲ್ಲ. ಶನಿವಾರ ಪಕ್ಕದ ರಾಂತಾಲಾ ಹಳ್ಳಿಯವರು ಬರುತ್ತಿದ್ದರು. ಮೂವರ ವಿರುದ್ಧ ಮೂವರು, ಗುಂಡು ಹಾರಿಸುವ ಆಟ. ಗೆದ್ದ ಊರಿಗೆ ಒಂದು ನೆಗ್ಗಿದ ಕಾಫಿ ಪಾತ್ರೆ. ಅದನ್ನು ಗುಜರಿಯವನೂ ಮುಟ್ಟುತ್ತಿರಲಿಲ್ಲ, ಆದರೂ ಅದಕ್ಕಾಗಿ ಎರಡು ಊರು ವರ್ಷವಿಡೀ ಹಲ್ಲು ಕಡಿಯುತ್ತಿದ್ದವು.

ಕುರ್ಚಿ ಮೂರು, ಕೊಯ್ವುಲಾದವರು ನಾಲ್ವರು. ಉಳಿದ ಒಬ್ಬ ಹೊರಗೆ ನಿಂತು ಎಲ್ಲರಿಗೂ ಸಾಸೇಜ್ ಸುಡಬೇಕು. ಮೂರು ವರ್ಷದಿಂದ ಆ ಒಬ್ಬ ವೆಸಾ ಆಗಿದ್ದ. ಅದಕ್ಕೆ ಮೊದಲು ಹೀಗಿರಲಿಲ್ಲ, ಅವನ ಗುರಿಗೆ ರಾಂತಾಲಾದವರು ಹೆದರುತ್ತಿದ್ದರು. ಮಗಳಿಗೆ ಕೋಣೆ ಬೇಕಾಗಿ ವೆಸಾನ ಕಂಪ್ಯೂಟರ್ ಮಹಡಿಯಿಂದ ಹಬೆಸ್ನಾನದ ಸೌನಾದ ಪಕ್ಕದ ಬಟ್ಟೆ ಬದಲಾಯಿಸುವ ಕೋಣೆಗೆ ಇಳಿದ ವರ್ಷದಿಂದ ಚಿತ್ರ ತಡವರಿಸತೊಡಗಿತು. ಅವನು ತಿರುಗಿ ನೋಡುವಷ್ಟರಲ್ಲಿ ಗುಂಡು ತಗುಲಿರುತ್ತಿತ್ತು. ಕಾರ್ಡಿಗೆ ವಯಸ್ಸಾಯಿತು ಎಂದು ಅವನು ತೀರ್ಮಾನಿಸಿದ. ವೆಸಾನಿಗೇ ವಯಸ್ಸಾಯಿತು ಎಂದು ಉಳಿದವರು ತೀರ್ಮಾನಿಸಿದರು.

"ನಿನ್ನ ಡಬ್ಬಿ ಒಂದ್ಸಲ ಬಿಚ್ಚಿ ನೋಡ್ಲಾ?" ಎಂದು ಪಸಿ ಕೇಳಿದ್ದುಂಟು. ಪಸಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಲೋಕದ ಸಕಲ ವಸ್ತುಗಳ ಬಗ್ಗೆಯೂ ಅವನಲ್ಲೊಂದು ಅಭಿಪ್ರಾಯ ತಯಾರಿರುತ್ತಿತ್ತು.

"ಮುಟ್ಟಿದ್ರೆ ಕೈ ಮುರೀತೀನಿ," ಎಂದಿದ್ದ ವೆಸಾ.

ತನ್ನ ಯಂತ್ರವನ್ನು ಪರರು ಮುಟ್ಟುವುದೆಂದರೆ ಅವನಿಗೆ ಆಗದು. ಕಟ್ಟಿದ್ದು ತಾನೇ, ಕೆಳಗಿಳಿಸಿದ್ದು ತಾನೇ, ವೈರು ಸಿಕ್ಕಿಸಿದ್ದು ತಾನೇ. ತಪ್ಪಬಾರದೆಂದು ಪರದೆಯ ವೈರಿಗೂ ಅದು ಹೋಗುವ ತೂತಿನ ಪಕ್ಕಕ್ಕೂ ಒಂದೊಂದು ಚೂರು ಕೆಂಪು ಟೇಪು ಅಂಟಿಸಿದ್ದ. ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು ಮನುಷ್ಯ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ವೆಸಾನ ತಲೆ ಕೆಟ್ಟು ಗೊಬ್ಬರವಾಗಿತ್ತು. ಕಿಟಕಿ ಕಾರ್ಖಾನೆಯಲ್ಲಿ ಗಾಜು ಕತ್ತರಿಸುವಾಗಲೂ ಕಾರ್ಡುಗಳ ನಂಬರುಗಳೇ ಕಣ್ಣೆದುರು. ಕೊನೆಗೆ ಹಟಕ್ಕೆ ಬಿದ್ದು ಅಂಗಡಿಗೆ ನುಗ್ಗಿ, ಮೊದಲ ದಿನ ನೋಡಿದ್ದ "ಪರವಾಗಿಲ್ಲ" ಕಾರ್ಡನ್ನೇ ಕೈಗೆತ್ತಿಕೊಂಡ.

"ಇನ್ನೊಂದು ನಲವತ್ತು..." ಎಂದು ಅಂಗಡಿಯವನು ಬಾಯಿ ತೆರೆದ.

"ಅಣ್ಣನ ಹೆಸರೆತ್ತಿದ್ರೆ ನೋಡಿ ಮತ್ತೆ," ಎಂದ ವೆಸಾ.

ಅದೇ ವಾರ ಪಸಿಯ ಕಾರ್ಡ್ ಸುಟ್ಟುಹೋಯಿತು. ವೆಸಾನ ಹಳೆಯದನ್ನು ಕೊಡ್ತೀಯಾ ಎಂದು ಬಂದ. ಬದಲಿಗೆ ತಾನು ಬೇಟೆಯಾಡಿದ ಕಡವೆಯ ಒಂದು ತೊಡೆ ಕೊಡುತ್ತೇನೆಂದ. ಆ ದರಿದ್ರ ಕಾರ್ಡಿಗೆ ಅಷ್ಟು ಮಾಂಸ ಬಂದದ್ದೇ ಲಾಭವೆಂದು ವೆಸಾ ಒಳಗೊಳಗೇ ನಕ್ಕ. ಮೆರ್ವಿ ಅದನ್ನು ಬೇಯಿಸಿ ಬಡಿಸಿದಾಗ ಎರಡು ಸಲ ಹಾಕಿಸಿಕೊಂಡು ಉಂಡ.

ಶನಿವಾರ ಬೆಳಿಗ್ಗೆ ಸಭಾಂಗಣದಲ್ಲಿ ಒಲೆ ಹೊತ್ತಿತ್ತು. ಉದ್ದನೆಯ ಮೇಜಿನ ಮೇಲೆ ಕಂಪ್ಯೂಟರುಗಳು, ಏಲಕ್ಕಿ ಬನ್ನಿನ ತಟ್ಟೆ, ಕಾಫಿ. ಆಂಬುಲೆನ್ಸ್ ಓಡಿಸುವ ವಿರ್ಪಿ ತಂಡದ ನಾಯಕಿ. ಅವಳು ಮಾತು ಕಮ್ಮಿ ಆಡುತ್ತಿದ್ದಳು, ಆಡಿದ್ದನ್ನು ತಿರುಗಿಸುತ್ತಿರಲಿಲ್ಲ. ಹಂದಿ ಸಾಕುವ ಹನ್ನು ಎಲ್ಲದಕ್ಕೂ ನಗುವವನು.

"ಎಲ್ರೂ ಅಭ್ಯಾಸಕ್ಕೆ ಕೂತ್ಕೊಳಿ. ಕೊನೇ ಸ್ಥಾನ ಬಂದವರು ಹೊರಗೆ ಸಾಸೇಜ್ ಒಲೆಗೆ," ಎಂದಳು ವಿರ್ಪಿ.

ವೆಸಾ ಕೆಂಪು ಟೇಪಿಗೆ ಕೆಂಪು ಟೇಪು ಸೇರಿಸಿ ವೈರು ಸಿಕ್ಕಿಸಿ ಕುಳಿತ. ಮೊನ್ನೆ ರಾತ್ರಿಯಷ್ಟೇ ಕಾರ್ಡ್ ಕೂರಿಸಿದ್ದ, ಆಡಿ ನೋಡಲು ಬಿಡುವಾಗಿರಲಿಲ್ಲ. ಆಟ ಶುರುವಾಯಿತು. ಪರದೆಯ ಮೇಲೆ ಮಂಜಿನ ಕೋಟೆ ಮೂಡಿತು, ಅವನು ಬಲಕ್ಕೆ ತಿರುಗಿದ, ಚಿತ್ರ ನಿಂತಿತು, ಮತ್ತೆ ಹೊರಟಿತು, ಅಷ್ಟರಲ್ಲಿ ಅವನು ಸತ್ತಿದ್ದ.

"ವೆಸಾ ಹೋದ," ಎಂದು ಹನ್ನು ನಕ್ಕ.

ಮತ್ತೆ ಆಡಿದ, ಮತ್ತೆ ಸತ್ತ. ತುಣುಕು ತುಣುಕಾಗಿ, ಹರಿದ ಪುಸ್ತಕದ ಹಾಳೆ ಮಗುಚಿದ ಹಾಗೆ ಚಿತ್ರ ಬರುತ್ತಿತ್ತು. ಸ್ವಲ್ಪವೂ ಬದಲಾಗಿರಲಿಲ್ಲ! ಮುನ್ನೂರು ಯೂರೋ ನೀರಲ್ಲಿ ಹೋಮ ಮಾಡಿದಂತಾಗಿತ್ತು. ಪಕ್ಕಕ್ಕೆ ತಿರುಗಿದರೆ ಪಸಿಯ ಪರದೆಯ ಮೇಲೆ ಅದೇ ಕೋಟೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನುಣುಪಾಗಿ ಓಡುತ್ತಿತ್ತು.

"ಅದು ನನ್ನ ಕಾರ್ಡಾ?" ವೆಸಾ ಕೂಗಿದ.

"ಹೂಂ. ಏನು ಮಜವಾಗಿದೆ ಮಾರಾಯಾ!"

"ಏನು ಮಾಡಿದೆ ಅದಕ್ಕೆ?"

"ಧೂಳು ಊದಿದೆ. ಅದೂ ಇರಲಿಲ್ಲ ಅನ್ನು. ಹೊಸದರ ಥರಾನೇ ಇತ್ತು, ನೀನು ಅದನ್ನ ಉಪಯೋಗಿಸೇ ಇಲ್ವೇನೋ ಅನ್ಸ್ತು."

"ಸುಳ್ಳು ಹೇಳ್ಬೇಡ. ಬೇರೇದು ಹಾಕಿದೀಯ."

"ನಿನ್ನ ಕಡವೆ ತೊಡೆ ಮೇಲಾಣೆ," ಎಂದ ಪಸಿ.

ಹನ್ನುವಿಗೆ ನಕ್ಕು ನಕ್ಕು ಕಾಫಿ ನೆತ್ತಿಗೇರಿತು. ವಿರ್ಪಿ ನಗಲಿಲ್ಲ. ಅವಳು ವೆಸಾನ ಭುಜ ತಟ್ಟಿ, "ಸಾಸಿವೆ ಡಬ್ಬಿ ಅಡುಗೆಮನೇಲಿದೆ. ಇದ್ದಲು ಒದ್ದೆಯಾಗಿದೆ, ಬೇಗ ಹಚ್ಚು," ಎಂದಳು. ಭುಜ ತಟ್ಟಿದ್ದೇ ವೆಸಾನಿಗೆ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ನಾನು ಮನೆಗೆ ಹೋಗ್ತೀನಿ," ಎಂದ.

"ಏ, ಮುಖ ಊದಿಸ್ಕೋಬೇಡ್ವೋ," ಎಂದ ಹನ್ನು. "ಸಾಸೇಜ್ ಯಾರು ಸುಡ್ತಾರೆ?"

"ನಿನ್ನ ಹಂದಿಗಳಿಗೇ ಹೇಳು."

ವೆಸಾ ಯಂತ್ರದ ಹಿಂಭಾಗ ತನ್ನ ಕಡೆ ತಿರುಗಿಸಿದ. ಸಿಟ್ಟಿನಲ್ಲಿ ಎಳೆದರೂ ವೈರು ಬಿಡಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಬಗ್ಗಿದ. ಬಗ್ಗಿದವನು ಹಾಗೇ ನಿಂತುಬಿಟ್ಟ.

ಹೊಸ ಕಾರ್ಡ್ ಕೆಳಗಿತ್ತು. ಅದರ ನಾಲ್ಕೂ ತೂತುಗಳ ಬಾಯಿಗೆ ಕಾರ್ಖಾನೆಯಿಂದ ಬಂದ ಪುಟ್ಟ ಕರಿ ಪ್ಲಾಸ್ಟಿಕ್ ಮುಚ್ಚಳಗಳು ಇನ್ನೂ ಹಾಗೇ ಕೂತಿದ್ದವು. ಅವನ ವೈರು ಗೇಣುದ್ದ ಮೇಲೆ, ಮದರ್‌ಬೋರ್ಡಿನ ತೂತಿನಲ್ಲಿತ್ತು, ಕಾಗದ ಪತ್ರ ಟೈಪು ಮಾಡುವವರಿಗೆ ಸಾಕಾಗುವಂಥ ಚಿತ್ರ ಕೊಡುವ ತೂತು. ಅಲ್ಲಿ ಸಿಕ್ಕಿಸಿದರೆ ಒಳಗಿರುವ ಕಾರ್ಡ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ಕೆಲಸವೇ ಇಲ್ಲ. ಆ ತೂತಿನ ಪಕ್ಕದಲ್ಲಿ ಕೆಂಪು ಟೇಪು ಅಚ್ಚುಕಟ್ಟಾಗಿ ಅಂಟಿತ್ತು.

ಪಸಿ ಅವನ ಹೆಗಲ ಮೇಲಿಂದ ಇಣುಕಿದ. ಹನ್ನು ಇಣುಕಿದ. ವಿರ್ಪಿಯೂ ಬಂದಳು.

"ಎಂದಿನಿಂದ?" ಕೇಳಿದಳು ವಿರ್ಪಿ.

"ಮಹಡಿಯಿಂದ ಇಳಿಸಿದಾಗಿನಿಂದ."

"ಮೂರು ವರ್ಷ," ಎಂದ ಪಸಿ ಮೆಲ್ಲಗೆ. "ನಾನು ಬಿಚ್ಚಿ ನೋಡ್ತೀನಿ ಅಂದಿದ್ದೆ."

"ಬಾಯ್ ಮುಚ್ಚು."

ಆಮೇಲೆ ಹನ್ನು ನಗತೊಡಗಿದ. ಒಬ್ಬ ಮನುಷ್ಯ ಅಷ್ಟು ಹೊತ್ತು ನಗಬಲ್ಲನೆಂದು ಯಾರಿಗೂ ಗೊತ್ತಿರಲಿಲ್ಲ. ನೆಲದ ಮೇಲೆ ಕುಳಿತು ಕಣ್ಣೊರೆಸಿಕೊಂಡು ನಕ್ಕ. ವೆಸಾ ಉಗುರಿನಿಂದ ಒಂದು ಕರಿ ಮುಚ್ಚಳ ಕಿತ್ತು, ವೈರನ್ನು ಕೆಳಗೆ ಸಿಕ್ಕಿಸಿದ.

"ನೀನೂ ಪಸೀನೂ ಇಬ್ರೇ ಎದುರುಬದುರು ಆಡಿ, ಸೋತವರು ಒಲೆಗೆ," ಎಂದಳು ವಿರ್ಪಿ. "ರಾಂತಾಲಾದವರು ಬರೋಕೆ ಇನ್ನೂ ಹೊತ್ತಿದೆ."

ಕೋಟೆ ಮೂಡಿತು. ವೆಸಾ ಬಲಕ್ಕೆ ತಿರುಗಿದ, ಕೋಟೆಯೂ ತಿರುಗಿತು. ಅಷ್ಟೇ! ಮೂರು ವರ್ಷ ಅವನು ಬೇಡಿದ್ದು ಅಷ್ಟೇ. ಪಸಿಯನ್ನು ಬಾವಿಕಟ್ಟೆಯ ಹತ್ತಿರ ಹೊಡೆದ, ಮೆಟ್ಟಿಲ ಮೇಲೆ ಹೊಡೆದ, ಅಡಗಿ ಕುಳಿತಿದ್ದ ಕೊಟ್ಟಿಗೆಯ ಬಾಗಿಲಿಂದಾಚೆಗೂ ಹೊಡೆದ. ಅವನ ಕೈ ಕೆಟ್ಟಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೂರು ನವೆಂಬರ್ ಹಿಮಮಳೆಯಲ್ಲಿ ನಿಂತು ಸುಟ್ಟ ಸಾಸೇಜುಗಳೆಲ್ಲ ಗಂಟಲಿಗೆ ಬಂದು ನಿಂತ ಹಾಗಾಯಿತು. ಬೈಯೋಣವೆಂದರೆ ಬೈಗುಳ ಹೋಗಿ ತಲುಪುವ ವಿಳಾಸ ತನ್ನದೇ. ಹಳೆಯ ಕಾರ್ಡೇ ಸಾಕಿತ್ತು. ಈ ಹೊಸ ಕಾರ್ಡೂ ಬೇಕಿರಲಿಲ್ಲ, ಅಂಗಡಿಯವನ ಅಣ್ಣಂದಿರೂ ಬೇಕಿರಲಿಲ್ಲ, ಮೆರ್ವಿಗೆ ಟೈರು ತಂದುಕೊಡಬಹುದಿತ್ತು.

"ವೆಸಾ ಮೂರನೇ ಕುರ್ಚಿಗೆ. ಪಸಿ ಒಲೆಗೆ," ಎಂದಳು ವಿರ್ಪಿ.

"ನಾನು ಜೀವಮಾನದಲ್ಲಿ ಸಾಸೇಜ್ ಸುಟ್ಟಿಲ್ಲ," ಎಂದ ಪಸಿ.

"ಎಲ್ಲಾ ಗೊತ್ತಿರೋನು ನೀನು," ಎಂದ ವೆಸಾ. "ಸುಡು ಹೋಗು."

ರಾಂತಾಲಾದವರು ಬಂದರು. ಮೂರನೆಯ ಕುರ್ಚಿಯಲ್ಲಿ ವೆಸಾನನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿ ಹಲ್ಲು ಬಿಟ್ಟರು. ಮೊದಲ ಸುತ್ತಿನ ನಂತರ ಹಲ್ಲು ಕಾಣಲಿಲ್ಲ. ಎರಡನೆಯದನ್ನು ಅವರು ಗೆದ್ದರು. ಕೊನೆಯ ಸುತ್ತಿನಲ್ಲಿ ವಿರ್ಪಿ ಸತ್ತಳು, ಹನ್ನು ಸತ್ತ, ಆ ಕಡೆ ಇಬ್ಬರು ಸತ್ತರು. ಉಳಿದದ್ದು ವೆಸಾ ಮತ್ತು ಅವರ ಪೈಕಿ ಒಬ್ಬ.

ವೆಸಾ ಕೋಟೆಯ ಮೆಟ್ಟಿಲ ಕೆಳಗೆ ಕಾದ. ಇವನು ಹೀಗೆಯೇ ಬರುತ್ತಾನೆ, ಬರಲಿ. ಕಾಫಿ ಪಾತ್ರೆ ಸಭಾಂಗಣದ ಕಿಟಕಿಯ ಕಟ್ಟೆಯ ಮೇಲಿತ್ತು, ಅದನ್ನು ಮನೆಗೊಯ್ದು ಮೆರ್ವಿಯ ಮುಂದಿಡುವುದು ಹೇಗೆಂದೂ ಯೋಚಿಸಿಬಿಟ್ಟ. ಆಗ ತೆರೆದ ಬಾಗಿಲಿಂದ ವಾಸನೆ ಬಂತು. ಮೊದಲು ಸಣ್ಣಗೆ, ಆಮೇಲೆ ಘಾಟು. ಚರ್ಮ ಸಿಡಿದು ಕೊಬ್ಬು ಕೆಂಡಕ್ಕೆ ಬಿದ್ದಿತ್ತು. ಇಷ್ಟು ಹೊತ್ತಿಗೆ ಎರಡು ಸಲ ಮಗುಚಬೇಕಿತ್ತು, ಆ ಮುಠ್ಠಾಳ ಒಂದು ಸಲವೂ ಮಗುಚಿಲ್ಲ. ವೆಸಾ ತಡೆದುಕೊಂಡ. ಇನ್ನೂ ತಡೆದುಕೊಂಡ. ಆಮೇಲೆ ಕತ್ತು ತಾನಾಗಿಯೇ ಬಾಗಿಲ ಕಡೆ ತಿರುಗಿತು.

"ಮಗುಚೋ ಅದನ್ನ, ಕರಟಿ ಹೋಗ್ತಿದೆ!" ಎಂದು ಕಿರುಚಿದ.

ಮತ್ತೆ ಪರದೆಯ ಕಡೆ ತಿರುಗಿದಾಗ ಎದುರಾಳಿ ಮೆಟ್ಟಿಲ ಮೇಲಿದ್ದ. ತನ್ನೆಡೆಗೆ ಹಾರಿಬಂದ ಗುಂಡು, ಕೆಂಪಾದ ಹಿಮ, ಎಲ್ಲವೂ ಎಲ್ಲಿಯೂ ತಡವರಿಸದೆ ನುಣ್ಣಗೆ ಕಂಡವು.

ರಾಂತಾಲಾದವರು ಪಾತ್ರೆ ಎತ್ತಿಕೊಂಡು ಕುಣಿದರು. ಹನ್ನು ಕೂಡ ಈ ಸಲ ನಗಲಿಲ್ಲ. ವಿರ್ಪಿ ಹೆಡ್‌ಫೋನ್ ತೆಗೆದಿಟ್ಟು, "ಕಾರ್ಡ್ ಚೆನ್ನಾಗಿದೆ," ಎಂದಳು.

ವೆಸಾ ಹೊರಗೆ ಬಂದ. ಪಸಿ ಹೊಗೆಯ ನಡುವೆ ಕೆಮ್ಮುತ್ತಾ ನಿಂತಿದ್ದ. ವೆಸಾ ಅವನ ಕೈಯಿಂದ ಇಕ್ಕಳ ಕಿತ್ತುಕೊಂಡು ಕೆಂಡ ಸರಿಸಿದ. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮೆರ್ವಿ.

"ಏನಾಯ್ತು? ಕುರ್ಚಿ ಸಿಕ್ತಾ?"

"ಸಿಕ್ತು."

"ಕಾರ್ಡ್ ಸರಿಯಾಗಿ ಕೆಲಸ ಮಾಡ್ತಾ?"

"ಮಾಡ್ತು."

"ಮತ್ಯಾಕೆ ಯಾರೋ ಸತ್ತ ಹಾಗೆ ಮಾತಾಡ್ತಿದೀಯ?"

ವೆಸಾ ಕರಟಿದ ಸಾಸೇಜುಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು, ಹೊಸವನ್ನು ಒಲೆಯ ಮೇಲೆ ಸಾಲಾಗಿ ಜೋಡಿಸಿದ.

"ಸಾಸೇಜ್ ಸೀದೋಯ್ತು ಕಣೇ," ಎಂದ.