ಎದುರು ಮಾತು

ಕೆಂಗೇರಿ ಉಪನಗರದ ಆ ನರ್ಸಿಂಗ್ ಕಾಲೇಜಿನ ಲ್ಯಾಬಿನಿಂದ ಬೆಳಗ್ಗೆಯೇ ಲತಾ ಮೇಡಂ ಅವರ ದನಿ ಕೇಳಿಬರುತ್ತಿತ್ತು. ಮಂಚದ ಮೇಲಿನ ಆಳೆತ್ತರದ ಬೊಂಬೆಗೆ ಆಸ್ಪತ್ರೆಯ ಅಂಗಿ ತೊಡಿಸಿದ್ದಾಗಿತ್ತು. ಉಸಿರಾಡುವ, ನಾಡಿ ಮಿಡಿಯುವ, ಆಗಾಗ ನರಳುವ ಬೊಂಬೆ ಅದು. ಹುಡುಗಿಯರು ಅದಕ್ಕೆ ಗಂಗಾಧರಯ್ಯ ಎಂದು ಹೆಸರಿಟ್ಟಿದ್ದರು.

"ಚೇತನಾ, ಎಡಗೈಗೆ ಡ್ರಿಪ್ ಹಾಕು."

"ಎಡಗೈಗೆ ಡ್ರಿಪ್ ಹಾಕ್ಬೇಕೇನ್ರಿ ಮೇಡಂ?"

"ನಾನೇನು ಚೈನೀಸಲ್ಲಿ ಹೇಳಿದ್ನಾ? ಹೇಳಿದ್ದನ್ನೇ ತಿರುಗಿಸಿ ಹೇಳೋದು ಎದುರು ಮಾತು ಕಣೇ. 'ಆಯ್ತು ಮೇಡಂ' ಅನ್ನು, ಕೆಲಸ ಮಾಡು."

"ಆಯ್ತು ಮೇಡಂ."

ಗದಗದ ಕಡೆಯಿಂದ ಬಂದಿದ್ದ ಚೇತನಾ ಮೂರನೇ ವರ್ಷದವರಲ್ಲೇ ಚುರುಕು. ಅದಕ್ಕೇ ಲತಾ ಇವತ್ತು ಅವಳನ್ನು ಆರಿಸಿಕೊಂಡಿದ್ದರು. ಬೊಂಬೆಯನ್ನು ರೋಗಿಯೆಂದು ಭಾವಿಸಿ ಪಾಠ ಮಾಡುವುದು ಹೇಗೆಂದು ಅಧ್ಯಾಪಕರಿಗೆ ಒಂದು ವಾರದಿಂದ ತರಬೇತಿ ನಡೆದಿತ್ತು. ಇವತ್ತು ಪರೀಕ್ಷೆ. ಪಾಸಾದರೆ ಹೊಸ ಲ್ಯಾಬಿನ ಹೊಣೆ ಲತಾ ಅವರದು. ಇಲ್ಲದಿದ್ದರೆ ಆಗಲೇ ಪಾಸಾಗಿದ್ದ ಮಧುಕುಮಾರ್ ಅವರದು. ಮಧುಕುಮಾರ್ ಒಂದು ಕಾಲಕ್ಕೆ ಲತಾ ಅವರ ಶಿಷ್ಯ. ಅದನ್ನು ನೆನೆದಾಗಲೆಲ್ಲ ಲತಾ ಎದ್ದು ಸರಿಯಾಗಿಯೇ ಇದ್ದ ಹೊದಿಕೆಯನ್ನು ಮತ್ತೆ ಸರಿಪಡಿಸುತ್ತಿದ್ದರು.

ಪರೀಕ್ಷಕರಾಗಿ ಬಂದವರು ಮಹದೇವ್. ನೋಡಲು ಮಧುಕುಮಾರ್ ಮತ್ತು ತರಗತಿಯ ಹುಡುಗಿಯರೂ ಸೇರಿದ್ದರು. ಲತಾ ಬರೆದುಕೊಟ್ಟಿದ್ದ ಸನ್ನಿವೇಶ ಸರಳವಾಗಿತ್ತು. ರೋಗಿಗೆ ಪೊಟ್ಯಾಸಿಯಂ ಕಡಿಮೆಯಾಗಿದೆ. ಅದನ್ನು ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಹರಿಸಬೇಕು, ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಲ್ಲಬಹುದು. ಡಾಕ್ಟರು ಬೇಕೆಂದೇ ತಪ್ಪು ಆರ್ಡರ್ ಕೊಡುತ್ತಾರೆ, ನರ್ಸ್ ಅದನ್ನು ತಡೆಯಬೇಕು. ಈ ಪಾಠ ಮಾಡಿದ್ದು ಲತಾ ಅವರೇ. ಚೇತನಾ ತಡೆಯುತ್ತಾಳೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಗಾಜಿನ ಗೋಡೆಯ ಹಿಂದೆ ಕುಳಿತು ಲತಾ ಮೈಕಿನಲ್ಲಿ ಡಾಕ್ಟರಾದರು. "ಸಿಸ್ಟರ್, ಪೊಟ್ಯಾಸಿಯಂ ನೇರವಾಗಿ ಕೊಟ್ಟುಬಿಡಿ. ಬೇಗ."

ಸಿರಿಂಜು ಹಿಡಿದ ಚೇತನಾಳ ಕೈ ನಿಂತಿತು. ಗಾಜಿನ ಕಡೆ ನೋಡಿದಳು. ತುಟಿ ಅಲುಗಿತು.

"ಆಯ್ತು ಡಾಕ್ಟ್ರೇ," ಎಂದಳು. ಚುಚ್ಚಿದಳು.

ಮಾನಿಟರಿನ ಗೆರೆ ಕುಣಿದು, ಆಮೇಲೆ ಚಪ್ಪಟೆಯಾಯಿತು.

"ಗಂಗಾಧರಯ್ಯನವರು ಹೋಗ್ಬಿಟ್ರು," ಎಂದರು ಮಧುಕುಮಾರ್. ಯಾರೂ ನಗಲಿಲ್ಲ.

ಮಹದೇವ್ ಹೇಳಿದರು: "ಈಗ ಶುರು ಮೇಡಂ, ನಿಮ್ಮ ಪರೀಕ್ಷೆ. ರೋಗಿ ಉಳಿದ್ನಾ ಇಲ್ವಾ ಅನ್ನೋದಲ್ಲ. ಈ ಮಕ್ಕಳ ಜೊತೆ ಈಗ ಏನು ಮಾತಾಡ್ತೀರಿ ಅನ್ನೋದು."

ಎಲ್ಲರೂ ಸುತ್ತ ಕುಳಿತರು. 'ಅಷ್ಟೂ ಗೊತ್ತಾಗಲ್ವೇನೇ ನಿಂಗೆ' ಎಂಬುದು ಲತಾ ಅವರ ಗಂಟಲವರೆಗೆ ಬಂತು, ನುಂಗಿಕೊಂಡರು. ಆರೋಪ ಹೊರಿಸುವ ಪ್ರಶ್ನೆ ಕೇಳಬಾರದು ಎಂಬುದು ತರಬೇತಿಯ ಮೊದಲ ಪಾಠವಾಗಿತ್ತು.

"ಸಿರಿಂಜ್ ಕೈಯಲ್ಲಿ ಹಿಡ್ಕೊಂಡಾಗ ನಿನ್ನ ತಲೇಲಿ ಏನು ಓಡ್ತಿತ್ತು?"

"ನೇರ ಕೊಡಬಾರ್ದು ಅಂತ ಗೊತ್ತಿತ್ರಿ."

"ಗೊತ್ತಿತ್ತಾ?"

"ಕೇಳೂಣು ಅನ್ನಿಸ್ತ್ರಿ. ಆದ್ರ ಡಾಕ್ಟರ್ ಧ್ವನಿ ನಿಮ್ದೇ ಅಲ್ರೀ. ಎದುರು ಮಾತಾಡಿದಂಗ ಆಗ್ತದ ಅಂತ ಅಂಜಿಕಿ ಬಂತ್ರಿ."

ಲತಾ ಮಹದೇವ್ ಕಡೆ ತಿರುಗಿದರು. "ವಾರ್ಡಲ್ಲಿ ಎಲ್ಲರೂ ಎಲ್ಲದಕ್ಕೂ ಪ್ರಶ್ನೆ ಕೇಳ್ತಾ ನಿಂತ್ರೆ ರೋಗಿ ಗತಿ ಏನು ಸಾರ್? ನಾನು ಕಲಿತಿದ್ದೂ ಹೀಗೇ. ಶಿಸ್ತು ಬೇಡ್ವಾ?"

"ಬೇಕು ಮೇಡಂ. ಆರ್ಡರನ್ನ ತಿರುಗಿಸಿ ಹೇಳೋದೂ ಶಿಸ್ತೇ. ಹೇಳಿದವರ ತಪ್ಪು ಅವರ ಕಿವಿಗೂ ಬೀಳುತ್ತೆ."

"ನನಗೂ ಇನ್ನೂ ಬಾಯಿಗೆ ಬರೋದು 'ಆಯ್ತು ಮೇಡಂ'ನೇ," ಎಂದರು ಮಧುಕುಮಾರ್. ಈ ಸಲ ಒಂದಿಬ್ಬರು ನಕ್ಕರು. ಲತಾ ಅವರ ಮುಖ ಕೆಂಪಾಯಿತು.

ಇಲ್ಲಿಗೆ ನಾಲ್ಕು ಒಳ್ಳೆಯ ಮಾತಾಡಿ ಮುಗಿಸಿದರೆ ಪಾಸಾಗುವುದು ಖಚಿತವಾಗಿತ್ತು. ಲತಾ ಕುಳಿತಲ್ಲೇ ಮಿಸುಕಾಡಿದರು. ಥಟ್ಟನೆ ಎದ್ದು ನಿಂತರು.

"ಇನ್ನೊಂದ್ಸಲ ಮಾಡೋಣ. ನಾನು ನರ್ಸ್. ಚೇತನಾ ಡಾಕ್ಟರ್."

"ಇದು ನಿಮ್ಮ ಯೋಜನೇಲಿ ಇಲ್ಲ," ಎಂದರು ಮಹದೇವ್. "ಸಮಯಾನೂ ಮೀರುತ್ತೆ. ನಿಯಮದ ಪ್ರಕಾರ ನಾನು ಪಾಸ್ ಮಾಡೋಕಾಗಲ್ಲ. ಇನ್ನೊಂದು ಬ್ಯಾಚಲ್ಲಿ ಮತ್ತೆ ಬರ್ಬೇಕಾಗುತ್ತೆ."

ಲತಾ ಒಂದು ಕ್ಷಣ ಮಧುಕುಮಾರ್ ಅವರನ್ನು ನೋಡಿದರು. "ಬರ್ತೀನಿ ಸಾರ್," ಎಂದು ನರ್ಸಿನ ಏಪ್ರನ್ ತೊಟ್ಟು ಸಿರಿಂಜು ಕೈಗೆತ್ತಿಕೊಂಡರು. "ಚೇತನಾ, ನನ್ನ ಹಾಗೇ ಗದರ್ಬೇಕು. ಕಮ್ಮಿ ಮಾಡ್ಬೇಡ."

ಗಾಜಿನ ಹಿಂದಿನಿಂದ ಮೊದಲು ಕೆಮ್ಮು, ಆಮೇಲೆ ದನಿ ಬಂತು. "ಸಿಸ್ಟರ್, ಪೊಟ್ಯಾಸಿಯಂ ನೇರವಾಗಿ ಕೊಟ್ಟುಬಿಡಿ."

"ನೇರವಾಗಿ ರಕ್ತನಾಳಕ್ಕೆ ಅಂದ್ರಾ ಡಾಕ್ಟ್ರೇ?"

"ನಾನೇನು ಚೈನೀಸಲ್ಲಿ ಹೇಳಿದ್ನಾ? ಎದುರು ಮಾತಾಡ್ತೀರಾ?" ಬೆಂಗಳೂರಿನ ಮಾತು, ಲತಾ ಅವರದೇ ರಾಗ. ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಲತಾ ನಗಲಿಲ್ಲ. ಮಲಗಿದ್ದದ್ದು ಬೊಂಬೆ, ಸಿರಿಂಜಿನಲ್ಲಿದ್ದದ್ದು ನೀರು, ಗದರಿದವಳು ತನ್ನದೇ ವಿದ್ಯಾರ್ಥಿನಿ. ಆದರೂ 'ಆಯ್ತು' ಎಂಬ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ತಡೆದು ಹಿಡಿಯಲು ಇಷ್ಟು ಕಷ್ಟಪಡಬೇಕೆಂದು ಅವರು ಎಣಿಸಿರಲಿಲ್ಲ. ಮೂರು ವರ್ಷ ಈ ಹುಡುಗಿ ಈ ದನಿಯ ಮುಂದೆ ನಿಂತಿದ್ದಳು.

ಸಿರಿಂಜನ್ನು ತಟ್ಟೆಯಲ್ಲಿಟ್ಟರು.

"ಡಾಕ್ಟ್ರೇ, ಇದನ್ನ ಹಾಗೆ ಕೊಟ್ರೆ ಪೇಷಂಟ್ ಸಾಯ್ತಾರೆ. ನಾನು ಕೊಡಲ್ಲ."

ನಗು ನಿಂತಿತು. ಈ ಉತ್ತರಕ್ಕೆ ಏನು ಹೇಳಬೇಕೆಂದು ಚೇತನಾಗೆ ಯಾರೂ ಕಲಿಸಿರಲಿಲ್ಲ.

"ಹೌದ್ರಿ ಸಿಸ್ಟರ್," ಎಂದಿತು ಕೊನೆಗೆ ಗದಗದ ದನಿ. "ತಪ್ಪಾತ್ರಿ ನಂದು. ಡ್ರಿಪ್‌ನ್ಯಾಗ ಹಾಕ್ರಿ, ನಿಧಾನಕ್ಕ."

ಆಮೇಲೆ ಅವಳು ಗಾಜಿನ ಬದಿಯಿಂದ ತಲೆ ಹೊರಹಾಕಿದಳು. "ಮೇಡಂ, ಇನ್ನೊಂದ್ಸಲ ಬೈಲೇನ್ರಿ?"

"ಬೈ," ಎಂದರು ಲತಾ, ಏಪ್ರನ್ ಬಿಚ್ಚಿ ಮಧುಕುಮಾರ್ ಕೈಗೆ ಕೊಡುತ್ತ. "ಈಗ ಇವರನ್ನ ಬೈ. ನಾಳೆಯಿಂದ ಲ್ಯಾಬ್ ಇವರದ್ದು, ಮೊದಲು ಇವರೇ ಕಲೀಲಿ."