ಅತ್ತೆಯ ಇರುವೆಗಳು

ನನ್ನ ಗಂಡ ಆಬಾಸಾಹೇಬರಿಗೆ ಒಂದು ಚಟವೂ ಇಲ್ಲವೆಂದು ನಮ್ಮೂರು ಕಣಗಲಾ ತುಂಬ ಹೆಸರು. ಬೀಡಿ ಇಲ್ಲ, ಗುಟ್ಕಾ ಇಲ್ಲ, ಸೆರೆಯ ವಾಸನೆ ಬಂದರೆ ಆ ಓಣಿಯನ್ನೇ ಬಿಟ್ಟು ನಡೆಯುವ ಮನುಷ್ಯ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಇವರು ಕುಡಿಯುತ್ತಿದ್ದದ್ದು ಥಂಡಾ ಮಾತ್ರ, ಬಾಟಲಿಯಲ್ಲಿ ಬರುವ ತಂಪು ಪಾನೀಯ, ಅದೂ ಆ ಕರಿ ಬಣ್ಣದ್ದೇ. ಹೆದ್ದಾರಿ ಪಕ್ಕದ ನಮ್ಮ ಗೊಬ್ಬರದ ಅಂಗಡಿಯಲ್ಲಿ ಅದಕ್ಕೆಂದೇ ಒಂದು ಫ್ರಿಜ್ ಇತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಂದು ಬಾಟಲಿ, ಊಟದ ಮೇಲೆ ಒಂದು, ಹೊತ್ತು ಮುಳುಗುವ ಮುಂಚೆ ಅವಸರದಲ್ಲಿ ಎರಡು.

"ಇದರಾಗ ಹಿಂಸಾ ಇಲ್ಲ, ಉಳ್ಳಾಗಡ್ಡಿ ಇಲ್ಲ, ನಿಶಾ ಇಲ್ಲ. ಇದಕ್ಕಿಂತ ಶುದ್ಧ ಏನೈತಿ ಹೇಳು" ಎಂದು ತೇಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಹತ್ತು ವರ್ಷ ತಲೆಯಾಡಿಸಿದೆ. ಈಗ ಆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ನಮ್ಮ ಅತ್ತೆ ದಿನಾ ಬೆಳಿಗ್ಗೆ ಹಿತ್ತಲ ಬೇವಿನ ಬುಡದಲ್ಲಿ ಇರುವೆಗಳಿಗೆ ಹಿಟ್ಟು, ಸಕ್ಕರೆ ಹಾಕುತ್ತಿದ್ದರು. ಕಸ ಗುಡಿಸುವಾಗಲೂ ಮನೆಯಲ್ಲಿ ಒಂದು ಇರುವೆ ಸಾಯುವಂತಿರಲಿಲ್ಲ, ಊದಿ ಸರಿಸಬೇಕು. ಮೂಡಲಗಿಯಿಂದ ಸೊಸೆಯಾಗಿ ಬಂದ ಮೊದಲ ದಿನವೇ ನಾನು ಕಲಿತ ಪಾಠ ಅದು. ಹೋದ ವರ್ಷ ದೀಪಾವಳಿ ಮುಂದೆ ಅತ್ತೆ ತೀರಿಕೊಂಡರು. ಹಿಟ್ಟಿನ ಡಬ್ಬಿ ನನ್ನ ಕೈಗೆ ಬಂತು.

ತಿಂಗಳೊಳಗೆ ಇರುವೆಗಳು ಬೇವಿನ ಬುಡ ಬಿಟ್ಟವು. ನಾನು ಹಾಕಿದ ಹಿಟ್ಟನ್ನು ಮೂಸಿಯೂ ನೋಡದೆ, ಅದರ ಮಗ್ಗುಲಿನಿಂದಲೇ ಸಾಲಾಗಿ ಹಾದು ಬಚ್ಚಲಿನ ಮೂಲೆಗೆ ಹೋಗತೊಡಗಿದವು. ಇವರು ಈಗೀಗ ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದ ಮೂಲೆ ಅದು. ನೀರು ಹಾಕಿ ತೊಳೆದರೂ ಬೆಳಗಾಗುವಷ್ಟರಲ್ಲಿ ಮತ್ತೆ ಅಲ್ಲಿಯೇ ಕಪ್ಪಗೆ ಕವಿದಿರುತ್ತಿದ್ದವು. ಸತ್ತವರು ಹಿಂದೆ ಸುಳಿಯುವುದಿಲ್ಲ, ಜೀವ ಆ ಕ್ಷಣವೇ ಬೇರೆ ಹುಟ್ಟು ಹಿಡಿಯುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಆದರೆ ಯಾವ ಹುಟ್ಟು ಎಂದು ಯಾರು ಕಂಡಿದ್ದಾರೆ? ಅತ್ತೆಗೆ ಮಗನನ್ನು ಬಿಟ್ಟಿರಲು ಆಗಲಿಲ್ಲ ಎಂದುಕೊಂಡು ನಾನು ಬಚ್ಚಲ ಹೊಸ್ತಿಲಿಗೇ ಹಿಟ್ಟು ಹಾಕತೊಡಗಿದೆ.

ಯುಗಾದಿ ಹೊತ್ತಿಗೆ ಇವರ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಎಷ್ಟು ಕುಡಿದರೂ ಬಾಯಿ ಒಣಗುತ್ತದೆ ಎಂದು ನಾಲ್ಕರ ಜಾಗದಲ್ಲಿ ಐದು ಬಾಟಲಿಯಾದವು. ಅದೇ ದಿನಗಳಲ್ಲಿ ಇರುವೆಗಳು ಇವರ ಚಪ್ಪಲಿಗೆ ಬಂದವು. ಆಮೇಲೆ ಪಾದಕ್ಕೆ. ಇವರು ಪಡಸಾಲೆಯಲ್ಲಿ ಕುಳಿತರೆ ಅವು ಸಾಲಾಗಿ ಬಂದು ಬೆರಳುಗಳ ಮೇಲೆ ಓಡಾಡುತ್ತಿದ್ದವು. ಇವರು ಕಾಲು ಅಲುಗಿಸುತ್ತಿರಲಿಲ್ಲ.

"ನೋಡು ಲಕ್ಷ್ಮೀ, ಒಂದೂ ಕಡಿಯಂಗಿಲ್ಲ" ಎಂದರು. "ಅವ್ವ ಹಾಕಿದ ಹಿಟ್ಟು ನೆನಪೈತಿ ಅವಕ್ಕ."

ನನಗೆ ಹೆಮ್ಮೆಯಾಯಿತು. ಓಣಿಯ ಹೆಂಗಸರು ಬಂದು ನೋಡಿ ಕೈ ಮುಗಿದರು. ಕೊಟ್ಟಿಗೆ ಬಳಿಯಲು ಬರುವ ಲಗಮವ್ವನೂ ಒಂದು ದಿನ ಇವರ ಕಾಲ ಬಳಿ ಕುಳಿತು, ಪುಣ್ಯ ಬರಲೆಂದು ಆ ಸಾಲಿಗೆ ಬೆರಳಿಟ್ಟಳು. ಮರುಕ್ಷಣವೇ ಕೈ ಕೊಡವಿ ಎದ್ದಳು. ಬೆರಳು ಕೆಂಪಗೆ ಊದಿತ್ತು.

"ನನಗ ಹೆಂಗ ಕಡಿದೂ ನೋಡ್ರಿ ಬಾಯಾರ" ಎಂದವಳು ಇವರ ಕಾಲನ್ನೇ ನೋಡುತ್ತ ದನಿ ತಗ್ಗಿಸಿದಳು. "ಸಾವ್ಕಾರರ್ನೂ ಕಡಿಯಾಕತ್ತಾವು. ಅವರಿಗೆ ಗೊತ್ತಾಗವಲ್ದು ಅನಸ್ತೈತಿ."

ನಾನು ಅವಳನ್ನು ಗದರಿಸಿ ಕಳಿಸಿದೆ. ಗದರಿಸಿದೆನೇ ಹೊರತು ಆ ಮಾತು ನನ್ನನ್ನು ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಇವರು ಊಟ ಮುಗಿಸಿ ಮಂಚದ ಮೇಲೆ ಒರಗಿ ಪೇಪರ್ ಓದುತ್ತಿದ್ದರು. ಕೈಗೆಟುಕುವಂತೆ ಬಾಟಲಿ ಇತ್ತು. ಇರುವೆಗಳು ಮಂಚದ ಕಾಲು ಹತ್ತಿ, ಹಾಸಿಗೆ ದಾಟಿ, ಇವರ ಎಡಗಾಲಿನ ಕಿರುಬೆರಳ ಸಂದಿಗೆ ಹೋಗುತ್ತಿದ್ದವು. ನಾನು ಕುಳಿತು ನೋಡಿದೆ. ಹೋದವುಗಳಲ್ಲಿ ಒಂದೂ ಹಿಂದೆ ಬರುತ್ತಿರಲಿಲ್ಲ.

ಬೆರಳು ಅಗಲಿಸಿದೆ. ಒಳಗೆ ಒಂದು ತೂತು ಇತ್ತು, ಅಂಚು ಬೆಳ್ಳಗೆ, ನಡುವೆ ಕಪ್ಪು. ಆ ಕಪ್ಪು ಅಲುಗಾಡುತ್ತಿತ್ತು.

"ನೋಯ್ತೈತೇನ್ರಿ?"

"ಏನು?" ಎಂದರು ಪೇಪರಿನ ಹಿಂದಿನಿಂದ.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಇವರ ಹಿಮ್ಮಡಿಗೆ ಚುಚ್ಚಿದೆ. ಮೆತ್ತಗೆ ಚುಚ್ಚಿದೆ, ಆಮೇಲೆ ಒತ್ತಿದೆ. ಅರ್ಧ ಪಿನ್ನು ಒಳಗೆ ಹೋಯಿತು, ರಕ್ತ ಹನಿಯಿತು. ಇವರು ಪುಟ ತಿರುವಿ ಬಾಟಲಿಗೆ ಕೈ ಚಾಚಿದರು.

ಆಗ ನಾನು ಊದಿದೆ. ಬಾಯಿ ಒಣಗುವವರೆಗೆ ಊದಿದೆ. ಇರುವೆಗಳು ಸರಿಯಲಿಲ್ಲ. ಈ ಮನೆಗೆ ಬಂದ ಮೂವತ್ತು ವರ್ಷದಲ್ಲಿ ಒಂದು ಹುಳವನ್ನೂ ಕೊಲ್ಲದ ಕೈಯಿಂದ ಅವನ್ನು ಉಜ್ಜಿ ಉಜ್ಜಿ ಕೊಂದೆ. "ಏ, ಪಾಪ ಐತಿ, ಬಿಡು" ಎಂದು ಇವರು ನನ್ನನ್ನೇ ಬೈದರು. ನಾನು ಅಳುತ್ತಲೇ ಉಜ್ಜಿದೆ.

ಹುಕ್ಕೇರಿಯಲ್ಲಿ ರಕ್ತ ಪರೀಕ್ಷೆ ಮಾಡಿದವರು ಗೋಕಾಕದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರು "ದಿನಾ ಏನರ ಕುಡೀತಾರೇನ್ರಿ?" ಎಂದು ಕೇಳಿದರು.

"ಇಲ್ಲರಿ, ಒಂದು ಚಟಾನೂ ಇಲ್ಲ" ಎಂದೆ, ರೂಢಿಯಂತೆ. "ಥಂಡಾ ಅಷ್ಟ. ನಾಕೈದು ಬಾಟಲಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಸಕ್ಕರೆ ಮೂತ್ರದಲ್ಲಿ ಇಳಿದು ಹೋಗುತ್ತಿತ್ತು, ಇರುವೆಗಳು ಅದಕ್ಕೇ ಬರುತ್ತಿದ್ದವು ಎಂದರು. ಕಾಲಿನ ನರ ಸತ್ತಿವೆ, ಒಂದು ಆರು ತಿಂಗಳು ಮೊದಲೇ ಬಂದಿದ್ದರೆ ಪಾದ ಉಳಿಯುತ್ತಿತ್ತು ಎಂದರು. ಎಡಪಾದದ ಅರ್ಧ ಹೋಯಿತು. ಇನ್ನೊಂದು ಕಾಲು ಉಳಿಯಬೇಕಾದರೆ ಆ ಬಾಟಲಿ ಮತ್ತೆ ಮುಟ್ಟಬಾರದು ಎಂದರು. ಇವರು ಪಾರ್ಶ್ವನಾಥನ ಮೇಲೆ ಆಣೆ ಮಾಡಿದರು.

ಮೂರು ತಿಂಗಳು ಬಚ್ಚಲು ಸ್ವಚ್ಛವಿತ್ತು. ಇರುವೆಗಳು ಬೇವಿನ ಬುಡಕ್ಕೆ ತಿರುಗಿ ಬಂದು ನನ್ನ ಹಿಟ್ಟು ತಿಂದವು. ಮನಸ್ಸು ಹಗುರವಾಯಿತು.

ಇವತ್ತು ಬೆಳಿಗ್ಗೆ ಹಾಕಿದ ಹಿಟ್ಟು ಹಾಗೆಯೇ ಬಿದ್ದಿತ್ತು. ಸಾಲು ಅದರ ಮಗ್ಗುಲಿನಿಂದ ಹಾದು, ಹಿತ್ತಲು ದಾಟಿ, ಬಚ್ಚಲ ಹೊಸ್ತಿಲು ಏರುತ್ತಿತ್ತು. ನಾನು ಅದರ ಹಿಂದೆಯೇ ಹೋದೆ. ಅದು ಮೂಲೆಯಲ್ಲಿ ನಿಲ್ಲದೆ ಹಂಡೆಯ ಹಿಂದಕ್ಕೆ ಹೋಯಿತು. ಕೈ ಹಾಕಿದೆ. ಅರ್ಧ ಖಾಲಿಯಾದ ಬಾಟಲಿ, ಇನ್ನೂ ತಣ್ಣಗಿತ್ತು.

ಡಾಕ್ಟರು ಹೇಳಿದ್ದು ಖರೆ ಇರಬಹುದು. ಆದರೆ ಹೋದ ಸಲವೂ ಅತ್ತೆಯೇ ಬಂದಿದ್ದರು ಎಂದು ನನಗೀಗ ಅನಿಸುತ್ತದೆ. ಮಗನನ್ನು ನೋಡಲು ಅಲ್ಲ, ನನಗೆ ತೋರಿಸಲು. ನಾನು ಎಂಟು ತಿಂಗಳು ಹಿಟ್ಟು ಹಾಕುತ್ತ ಕುಳಿತೆ.

ಪಡಸಾಲೆಯಿಂದ ಊರುಗೋಲಿನ ಸದ್ದು ಬಚ್ಚಲ ಕಡೆಗೆ ಬರುತ್ತಿತ್ತು. ಬಾಟಲಿಯನ್ನು ಬಚ್ಚಲಿಗೆ ಸುರಿದೆ.

"ಅತ್ತಿ, ಈ ಸಲ ತಿಳೀತ್ರಿ" ಎಂದು, ಇರುವೆಗಳನ್ನು ತುಳಿಯದಂತೆ ಕಾಲು ಸರಿಸಿ, ಬಾಗಿಲಿಗೆ ಅಡ್ಡ ಕುಳಿತೆ.