ತಲೆಯೊಳಗಿನ ಫೋಟೊ

ಟಕ್ ಟಕ್ ಟಕ್, ತಗಡಿನ ಡಬ್ಬಿಯನ್ನು ಯಾರೋ ಹೊರಗಿನಿಂದ ಬಡಿಯುತ್ತಿದ್ದಾರೆ, ಡಬ್ಬಿಯೊಳಗೆ ತಾನು, ತಲೆಯ ಎರಡೂ ಪಕ್ಕಕ್ಕೆ ದಿಂಬು ತುರುಕಿಸಿಕೊಂಡು — ಅಲ್ಲಾಡಬೇಡಿ ಸರ್, ಈ ಸಲ ಅಲ್ಲಾಡಿದ್ರೆ ಮತ್ತೆ ಮೊದಲಿಂದ ಮಾಡ್ಬೇಕಾಗತ್ತೆ — ಇದು ಕಿವಿಯಲ್ಲಿ ಸ್ಕ್ಯಾನಿಂಗ್ ಹುಡುಗಿಯ ದನಿ, ನೋಡಿ ಹಣೆಬರಹ, ನಲವತ್ತು ವರ್ಷ ಸ್ಟುಡಿಯೋದ ಕರಿಬಟ್ಟೆಯೊಳಗೆ ತಲೆ ಹಾಕಿಕೊಂಡು ಊರಿಗೆಲ್ಲ ಅಲ್ಲಾಡಬೇಡಿ, ರೆಪ್ಪೆ ಮಿಟುಕಿಸಬೇಡಿ ಎಂದವನಿಗೆ ಇವತ್ತು ಮೊನ್ನೆ ಮೊನ್ನೆ ಹುಟ್ಟಿದವಳು ಹೇಳುತ್ತಿದ್ದಾಳೆ, ಬೇಕಾಗಿತ್ತು ಮುದುಕನಿಗೆ. ಮೊದಲನೇ ಸಲ ಕೆಟ್ಟದ್ದು ನಕ್ಕಿದ್ದರಿಂದ, ನಗಿಸಿದ್ದು ಇಲ್ಲಿ ಇಲ್ಲದೇ ಇರುವ ಮೊಮ್ಮಗಳು, ಮನೆಯವರೆಲ್ಲ ವಕೀಲಮ್ಮ ಎಂದು ಕರೆಯುವ ಆರು ವರ್ಷದ ಪೋರಿ, ಬೆಳಿಗ್ಗೆ ತಾನು ಚಪ್ಪಲಿ ಹುಡುಕುತ್ತಿದ್ದರೆ ಮಂಚದ ಅಂಚಿನಿಂದ ತಲೆಕೆಳಗಾಗಿ ಜೋತುಬಿದ್ದು ಪಾಟೀಸವಾಲು ಶುರುಮಾಡಿದಳು — ತಾತ, ನಿನ್ ತಲೆ ಒಳಗಿಂದು ಫೋಟೊ ತೆಗೀತಾರಂತೆ, ಒಳಗೆ ಕತ್ತಲೆ ಇರಲ್ವಾ, ನೀನು ಏನು ಯೋಚನೆ ಮಾಡ್ತಿರ್ತೀಯೋ ಅದೇ ಬೀಳತ್ತಾ? ಅದೇ ಬೀಳುತ್ತೆ ಕಣೇ, ಎಂದುಬಿಟ್ಟ, ಎಂದು ಸಿಕ್ಕಿಬಿದ್ದ — ಹಂಗಾದ್ರೆ ಬಿಸ್ಕತ್ತು ಮಾತ್ರ ನೆನೆಸ್ಕೋಬೇಡ, ನಾವಿಬ್ರೂ ಕದ್ದಿದ್ದು ಅಜ್ಜಿಗೆ ಗೊತ್ತಾಗೋಗತ್ತೆ, ನನ್ನೇ ನೆನೆಸ್ಕೋ, ಜಿರಾಫೆ ಮೇಲೆ ಕೂರ್ಸು, ಅದಕ್ಕೆ ಶೀತ ಆಗಿದೆ, ಕತ್ತಿಗೆ ಎಷ್ಟು ಮಫ್ಲರ್ ಬೇಕು ತಾತ? ಹನ್ನೊಂದು. ಹನ್ನೊಂದನೇ ಮಫ್ಲರ್ ಸುತ್ತುವಾಗಲೇ, ಈ ಡಬ್ಬಿಯೊಳಗೆ, ಜಿರಾಫೆ ಸೀನಿತ್ತು, ತಾತನ ಹೊಟ್ಟೆ ಕುಣಿದಿತ್ತು, ಹುಡುಗಿ ಬೈದಿದ್ದಳು.

ಈಗ ನಗುವುದಿಲ್ಲ, ಬಿಸ್ಕತ್ತೂ ಬೇಡ, ಕಪಾಟಿನ ಮೇಲಿನ ಅರೆ, ನೀಲಿ ಡಬ್ಬ, ಹಿಂದುಗಡೆ ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಡತಿ — ಬೇಡ ಬೇಡ, ಜಿರಾಫೆ, ಅದರ ಮೇಲೆ ವಕೀಲಮ್ಮ, ಎರಡು ಜಡೆ, ಗಿರಾಕಿಯ ಕೊನೆಯ ಷರತ್ತು ಒಂದಿದೆ, ಹಲ್ಲು ಬಿದ್ದಿರೋ ಸಂದು ಕಾಣಿಸ್ಬಾರ್ದು ತಾತ, ಅದೇನು ಮಹಾ, ಮುಖ ಒಂಚೂರು ತಿರುಗಿಸಿದರೆ ಆಯಿತು, ಯಾವ ಕಡೆಗೆ, ಸಂದು ಇರುವುದು ಎಡಕ್ಕೆ, ಅಲ್ಲ, ಬಲಕ್ಕೆ — ಯಾವ ಕಡೆಗೆ? ಟಕ್ ಟಕ್ ಟಕ್. ಊರಿನ ಅಷ್ಟೂ ಮುಖಗಳ ಮಚ್ಚೆ, ಮಾಲುಗಣ್ಣು ಬಾಯಿಪಾಠವಿದ್ದ ಮನುಷ್ಯ, ಹೋದ ವಾರ ತನ್ನದೇ ಬೀದಿಯ ತಿರುವಿನಲ್ಲಿ ಮನೆ ಯಾವ ಕಡೆಗೆಂದು ತಿಳಿಯದೆ ತರಕಾರಿ ಚೀಲ ಹಿಡಿದು ನಿಂತಿದ್ದ, ಅದಕ್ಕೇ ಈ ಡಬ್ಬಿ, ಆವತ್ತು ಇಷ್ಟು ಹೆದರಿರಲಿಲ್ಲ, ಬೀದಿ ಮರೆತುಹೋದರೆ ಹೋಗಲಿ, ಯಾರಾದರೂ ಕೈಹಿಡಿದು ಮನೆಗೆ ಬಿಡುತ್ತಾರೆ, ಇವಳ ಹಲ್ಲು ಹೋದರೆ ಯಾರನ್ನು ಕೇಳುವುದು, ಇವತ್ತು ಹಲ್ಲು, ನಾಳೆ ಮುಖ, ಆಮೇಲೆ ಯಾರು ನೀನು ಪುಟ್ಟಿ ಎಂದು ಇವಳನ್ನೇ ಕೇಳುವುದಾ, ದೇವರೇ, ಅದೊಂದು ಬೇಡ. ಎಡಕ್ಕಿಟ್ಟು ನೋಡಿದ, ಹೌದೆನ್ನಿಸಿತು, ಬಲಕ್ಕಿಟ್ಟ, ಅದೂ ಹೌದೆನ್ನಿಸಿತು, ನೆಗೆಟಿವ್ ಮಗುಚಿ ಹಾಕಿದರೆ ಹೀಗೇ ಎಡಬಲ ಅದಲುಬದಲಾಗುವುದು, ಥೂ, ಕಸುಬು ಮರೆತೆಯೇನೋ, ಕರಿಬಟ್ಟೆಯೊಳಗೆ ಕ್ಯಾಮೆರಾದ ಗಾಜಿನ ಮೇಲೆ ಯಾವತ್ತು ಯಾರು ನೆಟ್ಟಗೆ ಕಂಡಿದ್ದರು, ವರ, ವಧು, ಸಾಹೇಬ, ಎಲ್ಲರೂ ತಲೆಕೆಳಗೇ — ತಲೆಕೆಳಗು ಮಾಡು, ಹಾಗೆಯೇ ಅಲ್ಲವೇ ಬೆಳಿಗ್ಗೆ ಜೋತುಬಿದ್ದು ಕೇಳಿದ್ದು, ಮಾಡಿದ, ಹನ್ನೊಂದೂ ಮಫ್ಲರ್ ಜಾರಿಬಿದ್ದವು, ಜಿರಾಫೆಯೂ ಎತ್ತಲೋ ಹೋಯಿತು, ಮಂಚದ ಅಂಚು, ನೆಲ ಗುಡಿಸುವ ಎರಡು ಜಡೆ, ನೆತ್ತರಿಳಿದು ಕೆಂಪಾದ ಕೆನ್ನೆ, ತಾತ ನಿನ್ ಕ್ಯಾಮೆರಾದಲ್ಲಿ ಎಲ್ಲರೂ ಹಿಂಗೇ ಇರ್ತಿದ್ರಲ್ಲ, ಅವರ ನಗು ಉದುರಿ ಹೋಗ್ತಿರ್ಲಿಲ್ವಾ, ಎಂದು ಕೇಳಿ ಬಾಯಿ ಅಗಲಿಸಿದಳು — ಬಲಕ್ಕೆ, ಬಲಕ್ಕೇ, ಕಾಣಿಸಬಾರದು ಎಂದದ್ದೇ ಫೋಟೊದ ತುಂಬ, ಏನು ಹೇಳುವುದೀಗ ವಕೀಲಮ್ಮನಿಗೆ — ಸರ್, ಅಲ್ಲಾಡಬೇಡಿ ಸರ್ — ಇಲ್ಲಮ್ಮ, ಅಲ್ಲಾಡುವುದಿಲ್ಲ, ನೀನೂ ಅಲ್ಲಾಡಬೇಡ ಪುಟ್ಟಿ, ಹಾಗೇ ಇರು, ಬಲಗಡೆ, ಆ ಸಂದಿನಲ್ಲಿ, ಅಕ್ಕಿಕಾಳಿನಷ್ಟು ಬಿಳಿ, ಹೊಸ ಹಲ್ಲು.